ಚಿತ್ರದ ಬೆನ್ನಿಗೆ ಬರೆದ ಹೆಸರು

ಶಿಲಾಶಾಸನಕ್ಕೂ ತಾಮ್ರಪಟಕ್ಕೂ ಇರುವ ಭೇದವೆಂದರೆ ಕಲ್ಲಿಗೂ ತಾಮ್ರಕ್ಕೂ ಇರುವ ಭೇದ, ಇಷ್ಟೇ ಎಂದು ನಾವು ತಿಳಿಯುತ್ತೇವೆ. ಅದಕ್ಕಿಂತ ದೊಡ್ಡದೊಂದು ಭೇದವುಂಟು. ಗುಡಿಯ ಮುಂದೆ ನಿಂತ ಕಲ್ಲು ಯಾವ ಗುಡಿಯ ಮಾತನ್ನು ಹೇಳುತ್ತದೆಯೋ ಆ ಗುಡಿಯ ಅಂಗಳದಲ್ಲಿಯೇ ಇರುತ್ತದೆ. ಅರಸು ಹೋದ, ಅಗ್ರಹಾರ ಹಾಳಾಯಿತು, ದತ್ತಿಯ ಹೊಲದಲ್ಲಿ ಇನ್ನಾರೋ ಜೋಳ ಬಿತ್ತಿದರು. ಕಲ್ಲು ಮಾತ್ರ ಕದಲಲಿಲ್ಲ. ತಾಮ್ರಪಟದ ಹಣೆಬರಹ ಬೇರೆ. ಅದು ದಾನ ಪಡೆದವನ ಮನೆಯ ಪೆಟ್ಟಿಗೆಯಲ್ಲಿರುತ್ತದೆ. ಮನೆತನ ವಲಸೆ ಹೋದರೆ ಅದೂ ಹೋಗುತ್ತದೆ. ಒಂದು ಊರಿನ ಹೊಲದ ಮಾತು ಇನ್ನೊಂದು ಊರಿನ ಅಟ್ಟದ ಮೇಲೆ ಸಿಗುತ್ತದೆ. ಹೀಗೆ ಒಂಟಿಯಾಗಿ ತಿರುಗಾಡುವುದರಿಂದಲೇ ಅದರ ಮೇಲೆ ಸಂಶಯವೂ ಹೆಚ್ಚು. ಗಂಗರ ತಾಮ್ರಪಟಗಳು ಖರೆಯವೋ ಖೊಟ್ಟಿಯವೋ ಎಂದು ಫ್ಲೀಟ್ ಸಾಹೇಬರೂ ರೈಸ್ ಸಾಹೇಬರೂ ವರ್ಷಗಟ್ಟಲೆ ವಾದಿಸಿದರು.

ಮೂರನೆಯದೊಂದು ಬಗೆಯೂ ನಮ್ಮಲ್ಲಿದ್ದಿತು. ಅದು ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿಯ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಹಾಕಿ ಮಾಡಿದ ಕಪ್ಪು ಪುಸ್ತಕ. ಬಳಪದಿಂದ ಬರೆಯಬಹುದು, ಬೇಡವಾದರೆ ಒರಸಬಹುದು, ಮತ್ತೆ ಬರೆಯಬಹುದು. ಹೊಲ ಎಲ್ಲಿಯೋ, ಲೆಕ್ಕ ಎಲ್ಲಿಯೋ; ಆದರೆ ಎಲ್ಲ ಹೊಲಗಳ ಲೆಕ್ಕವೂ ಒಂದೇ ಮಡಿಕೆಯಲ್ಲಿ ಸಿಗುತ್ತದೆ. ಬೇಗ ಹುಡುಕಬೇಕಾದವನಿಗೆ ಕಡತದಂಥ ಸಾಧನವಿಲ್ಲ. ಮನೆಗೆ ಬೆಂಕಿ ಬಿದ್ದಾಗ ಅದರಂಥ ಮೋಸವೂ ಇಲ್ಲ.

ಇದೇನು, ಶಾಸನಶಾಸ್ತ್ರದ ಪಾಠವೇ ಎಂದು ವಾಚಕರು ಪುಟ ತಿರುವಬಾರದು. ನಾನು ಬರೆಯಹೊರಟಿರುವುದು ಫೋಟೋಗಳ ಮಾತು. ಒಂದು ಫೋಟೋದಲ್ಲಿ ಇರುವವರು ಯಾರು, ತೆಗೆದವರು ಯಾರು, ಯಾವ ಊರು, ಯಾವ ದಿನ, ಈ ಸಂಗತಿಗಳು ಎಲ್ಲಿರಬೇಕು? ಚಿತ್ರದ ಮೈಮೇಲೆಯೋ, ಅದರ ಜೊತೆಗಿನ ಚೀಟಿಯಲ್ಲಿಯೋ, ದೂರದ ದಫ್ತರದಲ್ಲಿಯೋ? ಇಂದು ಕಂಪ್ಯೂಟರಿನ ಮುಂದೆ ಕುಳಿತು ಫೋಟೋ ತಿದ್ದುವವರನ್ನು ಕಾಡುವ ಪ್ರಶ್ನೆ ಇದೇ. ನಮ್ಮ ಧಾರವಾಡದ ಮಟ್ಟಿಗೆ ಈ ಪ್ರಶ್ನೆಗೆ ನೂರ ಎಪ್ಪತ್ತು ವರ್ಷಗಳ ವಯಸ್ಸಾಗಿದೆ.

ಕ್ಯಾಮರಾ ಬರುವುದಕ್ಕೆ ಮೊದಲಿನ ಮಾತು ಸ್ವಲ್ಪ. 1824ರ ಅಕ್ಟೋಬರದಲ್ಲಿ ಕಿತ್ತೂರಿನ ಬಾಗಿಲಲ್ಲಿ ಥ್ಯಾಕರೆ ಸತ್ತನಲ್ಲವೆ? ಆಗ ಸ್ಟೀವನ್‌ಸನ್ನನ ಜೊತೆಗೆ ಸೆರೆ ಸಿಕ್ಕ ಇನ್ನೊಬ್ಬ ತರುಣನ ಹೆಸರು ವಾಲ್ಟರ್ ಎಲಿಯಟ್. ಬಿಡುಗಡೆಯಾದ ಮೇಲೆ ಈತ ಇದೇ ಸೀಮೆಯಲ್ಲಿ 1833ರ ವರೆಗೆ ಇದ್ದು, ಊರೂರಿನ ಶಾಸನಗಳನ್ನು ಕೈಬರಹದಲ್ಲಿ ನಕಲು ಮಾಡಿಸಿದ. ಕೊನೆಗೆ 595 ಶಾಸನಗಳ ಸಂಗ್ರಹವಾಯಿತು. ಅದರ ಆಧಾರದ ಮೇಲೆ 1837ರಲ್ಲಿ ಆತ ಬರೆದ ಪ್ರಬಂಧದಿಂದಲೇ ನಮ್ಮ ಚಾಲುಕ್ಯರ ವಂಶಾವಳಿಗೆ ಮೊದಲ ಸಲ ಒಂದು ರೂಪ ಬಂದಿತು. ಈ ಸಂಗ್ರಹದ ಒಂದು ಪ್ರತಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಗೂ ಇನ್ನೊಂದು ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೂ ಹೋದುವು. ಮುಂದೆ ಬಂದ ವಿದ್ವಾಂಸರು ಎರಡು ಪ್ರತಿಗಳನ್ನೂ ತೆರೆದು ತಾಳೆ ನೋಡುವ ಕೆಲಸವನ್ನು ಮಾಡಬೇಕಾಯಿತು. ಎರಡು ಕಡೆ ಬರೆದಿಟ್ಟರೆ ಒಂದು ಉಳಿದೀತು ಎಂಬುದು ಲಾಭ. ಎರಡೂ ಒಂದೇ ಮಾತನ್ನು ಹೇಳುತ್ತವೆಯೇ ಎಂದು ನೋಡುತ್ತಿರಬೇಕಾದುದು ಅದರ ಬೆಲೆ. ಈ 'ತಾಳೆ' ಎಂಬ ಶಬ್ದವನ್ನು ವಾಚಕರು ನೆನಪಿನಲ್ಲಿಡಬೇಕು. ಕಂಪ್ಯೂಟರಿನವರು 'ಸಿಂಕ್' ಎಂದು ಏನನ್ನು ಕರೆಯುತ್ತಾರೋ ಅದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ಶಬ್ದ ನನಗೆ ಕಾಣದು.

1855ರಲ್ಲಿ ಮುಂಬಯಿ ಸರಕಾರವು ತೋಪುಖಾನೆಯ ಕ್ಯಾಪ್ಟನ್ ಬಿಗ್ಸ್ ಎಂಬವನನ್ನು ವಿಜಾಪುರ, ಬಾದಾಮಿ, ಐಹೊಳೆಗಳ ಕಡೆಗೆ ಫೋಟೋ ತೆಗೆಯಲು ಕಳಿಸಿತು. ಗಾಜಿನ ತಗಡಲ್ಲ, ಕಾಗದದ ನೆಗೆಟಿವು. ಆದರೆ ದಂಡಿನವನಿಗೆ ದಂಡಿನ ಕರೆ ಬಂದೇ ಬರುವುದು. ಆತ ತನ್ನ ಪಲ್ಟಣಿಗೆ ಮರಳಿದ. ಆತನ ಜಾಗಕ್ಕೆ ಬಂದವನು ಡಾಕ್ಟರ್ ಪಿಗೌ, ಸರಕಾರದ ವೈದ್ಯ. ಮೈಸೂರು ಸೀಮೆಯ ಹಳೇಬೀಡು-ಬೇಲೂರುಗಳಲ್ಲಿ ನೀಲ್ ಎಂಬ ಇನ್ನೊಬ್ಬ ವೈದ್ಯನೂ ಇದೇ ಕೆಲಸ ಮಾಡಿದ್ದ. ಈ ಮೂವರ ಚಿತ್ರಗಳನ್ನು ಕೂಡಿಸಿ 1866ರಲ್ಲಿ ಲಂಡನ್ನಿನ ಜಾನ್ ಮರೆ 'ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪ' ಎಂಬ ಅರ್ಥದ ಹೆಸರಿನ ದೊಡ್ಡ ಗ್ರಂಥವನ್ನು ಪ್ರಕಟಿಸಿದ. ಖರ್ಚಿಗೆ ಆಶ್ರಯ ಮುಂಬಯಿಯ ಪ್ರೇಮಚಂದ ರಾಯಚಂದ ಸೇಠರದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಧಾರಣೆ ಆಕಾಶಕ್ಕೇರಿದಾಗ ಕೂಡಿದ ಐಶ್ವರ್ಯ ಅದು. ನಮ್ಮ ಧಾರವಾಡ ಸೀಮೆಯ ಹತ್ತಿಯ ಪಾಲೂ ಅದರಲ್ಲಿ ಇದ್ದೀತು! ಪುಸ್ತಕ ಹೊರಬರುವ ಹೊತ್ತಿಗೆ, 1865ರ ಕುಸಿತದಲ್ಲಿ, ಸೇಠರ ಗಂಟು ಕರಗಿ ಹೋಗಿತ್ತು.

ಈ ಗ್ರಂಥದ ಮುಖಪುಟವನ್ನು ಲಕ್ಷ್ಯವಿಟ್ಟು ಓದಿದರೆ ನಮ್ಮ ವಿಷಯಕ್ಕೆ ಬೇಕಾದುದು ಅಲ್ಲಿಯೇ ಸಿಗುತ್ತದೆ. ಫೋಟೋ ತೆಗೆದ ಪಿಗೌ ಆಗಲೇ 'ದಿವಂಗತ'. ಇತಿಹಾಸವನ್ನು ಬರೆದವರು ಕರ್ನಲ್ ಮೆಡೋಸ್ ಟೇಲರ್. ಸುರಪುರದಲ್ಲಿ ಬಾಳಿ ಬದುಕಿದವರು ನಿಜ, ಆದರೆ 1860ರಲ್ಲಿಯೇ ಹಿಂದುಸ್ಥಾನವನ್ನು ಬಿಟ್ಟವರು. ಶಿಲ್ಪದ ಟಿಪ್ಪಣಿ ಬರೆದ ಫರ್ಗುಸನ್ ಅವರು ಅದಕ್ಕೂ ಎಷ್ಟೋ ಮೊದಲು ತಾಯ್ನಾಡಿಗೆ ಮರಳಿದ್ದರು. ಅಂದರೆ, ಹಾನಗಲ್ಲಿನಲ್ಲಿಯೋ ಹಾವೇರಿಯಲ್ಲಿಯೋ ಬಿಸಿಲಲ್ಲಿ ನಿಂತು ಚಿತ್ರ ಹಿಡಿದವನೊಬ್ಬ; ಹಡಗಿನಾಚೆ ಕುಳಿತು 'ಇದು ಇಂಥದು' ಎಂದು ಬರೆದವರು ಇನ್ನೊಬ್ಬರು. ನಡುವೆ ಕೇಳಿ ತಿಳಿಯೋಣವೆಂದರೆ ಚಿತ್ರ ಹಿಡಿದವನಿಗೆ ಬಾಯಿಲ್ಲ. ಆ ಕಾಲದ ಇಂಥ ಚಿತ್ರಗಳಲ್ಲಿ ಕಂಬದ ಎತ್ತರ ತಿಳಿಯಲೆಂದು ಪಕ್ಕಕ್ಕೆ ಒಬ್ಬ ಮನುಷ್ಯನನ್ನು ನಿಲ್ಲಿಸುವ ರೂಢಿ ಉಂಟು. ಕಂಬದ ಹೆಸರು ಸಿಗುತ್ತದೆ, ಗುಡಿಯ ಹೆಸರು ಸಿಗುತ್ತದೆ, ಮನುಷ್ಯನ ಹೆಸರು ಸಿಗುವುದಿಲ್ಲ. ಅಷ್ಟು ಹೊತ್ತು ಅಲುಗಾಡದೆ ನಿಂತವನ ಹೆಸರನ್ನು ಅಂದು ಸಂಜೆ ಬರೆದುಕೊಳ್ಳಲು ಎಷ್ಟು ಹೊತ್ತು ಬೇಕಾಗಿದ್ದಿತು?

ಶಾಸನಗಳ ಫೋಟೋಗಳ ಗತಿ ಇನ್ನೂ ಬೋಧಪ್ರದವಾದುದು. ಅದೇ 1866ರಲ್ಲಿ ಹೋಪ್ ಎಂಬ ಅಧಿಕಾರಿ ಧಾರವಾಡ-ಮೈಸೂರುಗಳ ಶಾಸನಚಿತ್ರಗಳನ್ನು ಬೇರೆಯಾಗಿ ಪ್ರಕಟಿಸಿದರು. ಮೈಸೂರಿನಲ್ಲಿ ಡಿಕ್ಸನ್ ಎಂಬ ಸೇನಾಧಿಕಾರಿ ತೆಗೆದ ಶಾಸನಚಿತ್ರಗಳು 1865ರಲ್ಲಿಯೇ ಬಂದಿದ್ದುವು. ಚಿತ್ರಗಳೇನೋ ಬಂದುವು, ಅವುಗಳಲ್ಲಿ ಏನು ಬರೆದಿದೆ ಎಂಬುದನ್ನು ಓದಿ ಹೇಳುವ ಪುಸ್ತಕ, ರೈಸರ 'ಮೈಸೂರು ಶಾಸನಗಳು', ಹೊರಬಂದುದು 1879ರಲ್ಲಿ. ನಡುವಿನ ಹದಿನಾಲ್ಕು ವರ್ಷ ಆ ಚಿತ್ರಗಳು ಹೆಚ್ಚುಕಡಿಮೆ ಮೂಕ. ಇತ್ತ 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿಯಾಗಿ ನಮ್ಮ ಕಡೆಗೆ ಬಂದ ಫ್ಲೀಟರು ಹೋಪರ ಚಿತ್ರಗಳನ್ನೂ ಡಿಕ್ಸನ್ನರ ಚಿತ್ರಗಳನ್ನೂ ಒಟ್ಟಿಗಿಟ್ಟುಕೊಂಡು ಓದತೊಡಗಿದರು. 1878ರಲ್ಲಿ ಎಲ್ಲವನ್ನೂ ಹೊಸದಾಗಿ ಜೋಡಿಸಿ, ಹೊಸ ಅಂಕೆ ಕೊಟ್ಟು, ಒಂದು ಸಂಪುಟ ಮಾಡಿದರು. ಒಂದೇ ಕಲ್ಲಿಗೆ ಈಗ ಹಳೆಯ ಸಂಗ್ರಹದಲ್ಲಿ ಒಂದು ನಂಬರು, ಹೊಸ ಸಂಗ್ರಹದಲ್ಲಿ ಇನ್ನೊಂದು. ಪಾಪ, ಕಲ್ಲಿಗೆ ಇದಾವುದೂ ಗೊತ್ತಿಲ್ಲ. ನಂಬರು ಪುಸ್ತಕದಲ್ಲಿರುವುದೇ ಹೊರತು ಕಲ್ಲಿನ ಮೇಲಿಲ್ಲವಲ್ಲ! ಐಹೊಳೆಯ ಮೇಗುತಿಯಲ್ಲಿರುವ ಕ್ರಿ. ಶ. 634ರ ಪುಲಕೇಶಿಯ ಶಾಸನವನ್ನು ಫ್ಲೀಟರು 1876ರಲ್ಲೊಮ್ಮೆ ಪ್ರಕಟಿಸಿದರು. 1879ರಲ್ಲಿ ತಿದ್ದಿ ಮತ್ತೊಮ್ಮೆ ಪ್ರಕಟಿಸಿದರು. ಆಮೇಲೆ ಕೀಲ್‌ಹಾರ್ನ್ ಪಂಡಿತರು ಮೂರನೆಯ ಸಲ ಸಂಪಾದಿಸಿದರು. ಮೊದಲನೆಯ ಸಂಚಿಕೆಯನ್ನು ಕೊಂಡು ಬೀರುವಿನಲ್ಲಿಟ್ಟವನ ಪಾಠ ಮಾತ್ರ ತನ್ನಷ್ಟಕ್ಕೆ ತಾನೇ ತಿದ್ದಿಕೊಳ್ಳಲಿಲ್ಲ.

ಪಟ್ಟಣಗಳಲ್ಲಿ ಸ್ಟುಡಿಯೋಗಳು ಬಂದ ಮೇಲೆ ಈ ಪ್ರಶ್ನೆ ವಿದ್ವಾಂಸರ ಕೋಣೆಯಿಂದ ಇಳಿದು ನಮ್ಮ ನಿಮ್ಮ ಮನೆಯೊಳಗೆ ಬಂದಿತು. ಸ್ಟುಡಿಯೋದವನು ನೆಗೆಟಿವಿನ ಅಂಚಿಗೆ ಒಂದು ನಂಬರನ್ನು ಮಾತ್ರ ಕೆತ್ತುತ್ತಿದ್ದ. ಗಿರಾಕಿಯ ಹೆಸರು, ಊರು, ತಾರೀಖುಗಳನ್ನು ರಜಿಸ್ಟರಿನಲ್ಲಿ ಬರೆಯುತ್ತಿದ್ದ. ಫೋಟೋದ ಹಿಂದೆ ಛಾಪು: ನೆಗೆಟಿವು ಇಡಲಾಗಿದೆ, ಇನ್ನೊಂದು ಪ್ರತಿ ಬೇಕಾದರೆ ನಂಬರು ತಿಳಿಸತಕ್ಕದ್ದು. ಇದು ಆಲಸ್ಯವಲ್ಲ, ವ್ಯವಹಾರ. ಯಾತ್ರೆಯ ದಿನ ಬಾಗಿಲಲ್ಲಿ ಸಾಲು ನಿಂತಾಗ ಒಂದೊಂದು ತಗಡಿನ ಮೇಲೂ ಪೂರ್ಣ ಹೆಸರು ಬರೆಯುತ್ತ ಕುಳಿತರೆ ಅಂಗಡಿ ನಡೆಯದು. ಆದರೆ ಅಂಗಡಿ ಮುಚ್ಚಿದ ದಿನ ರಜಿಸ್ಟರು ರದ್ದಿಗೆ ಹೋಯಿತು. ಗಾಜಿನ ತಗಡುಗಳನ್ನು ತೊಳೆದು ಕಿಟಕಿಗೆ, ಕಟ್ಟಿಗೆ ಮಾರಿದರು. ಉಳಿದುದು ನಮ್ಮ ಗೋಡೆಯ ಮೇಲಿನ ಫೋಟೋ, ಅದರ ಮೂಲೆಯ ನಂಬರು. ಆ ನಂಬರನ್ನು ಯಾರಿಗೆ ತಿಳಿಸಬೇಕು?

ಕಾಲೇಜುಗಳ ಗುಂಪುಚಿತ್ರಗಳು ಸ್ವಲ್ಪ ಪುಣ್ಯ ಮಾಡಿದ್ದುವು. 1917ರಲ್ಲಿ ಆರಂಭವಾದ ನಮ್ಮ ಕರ್ನಾಟಕ ಕಾಲೇಜಿನಂಥ ಕಡೆ ವರ್ಷಕ್ಕೊಮ್ಮೆ ತೆಗೆಸುವ ಗುಂಪುಚಿತ್ರಕ್ಕೆ ಕೆಳಗಿನ ರಟ್ಟಿನ ಮೇಲೆ 'ಕುಳಿತವರು, ಎಡದಿಂದ ಬಲಕ್ಕೆ' ಎಂದು ದುಂಡಗಿನ ಅಕ್ಷರದಲ್ಲಿ ಬರೆಸುವ ರೂಢಿ. ಕಟ್ಟು ಒಡೆದಾಗ ಹೊಸ ಕಟ್ಟು ಹಾಕುವವನು ಗಾಜಿನ ಅಳತೆಗೆ ರಟ್ಟನ್ನು ಕತ್ತರಿಸಿಬಿಟ್ಟರೆ ಮುಗಿಯಿತು. ಮುಖಗಳೆಲ್ಲ ಇವೆ, ಹೆಸರೊಂದೂ ಇಲ್ಲ. ಇಂಥ ಎರಡು ಫೋಟೋಗಳನ್ನು ನಾನೇ ಕಂಡಿದ್ದೇನೆ.

ಈಗ ಕಂಪ್ಯೂಟರಿಗೆ ಬರೋಣ. ವರ್ತಮಾನಪತ್ರಗಳವರು ತಂತಿಯ ಮೇಲೆ ಚಿತ್ರ ಕಳಿಸುವಾಗ ಅದರ ವಿವರವೂ ಚಿತ್ರದೊಳಗೇ ಹೋಗಲಿ ಎಂದು 1990ರ ದಶಕದ ಮೊದಲಲ್ಲಿ ಒಂದು ಕಟ್ಟಳೆ ಮಾಡಿದರು. ಅದಕ್ಕೆ ಐಪಿಟಿಸಿ ಎಂದು ಹೆಸರು. 1995ರಲ್ಲಿ ಜಪಾನಿನ ಕ್ಯಾಮರಾ ತಯಾರಕರು ಎಕ್ಸಿಫ್ ಎಂಬುದನ್ನು ತಂದರು. ಚಿತ್ರ ತೆಗೆದ ತಾರೀಖು, ಗಳಿಗೆ, ಮಸೂರದ ಅಳತೆ ಇವನ್ನೆಲ್ಲ ಕ್ಯಾಮರಾ ತಾನೇ ಬರೆದುಕೊಳ್ಳುವ ಏರ್ಪಾಡು. 2001ರಲ್ಲಿ ಅಡೋಬಿ ಕಂಪನಿ ಎಕ್ಸ್‌ಎಂಪಿ ಎಂಬ ಇನ್ನೂ ವಿಶಾಲವಾದ ಪದ್ಧತಿಯನ್ನು ಹೊರತಂದಿತು. 2012ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಅದೇ ಕಂಪನಿಯ ಲೈಟ್‌ರೂಮ್ ಎಂಬ ತಂತ್ರಾಂಶ 2007ರಲ್ಲಿ ಬಂದಿತು. ಹುಬ್ಬಳ್ಳಿಯ ಮದುವೆ ಫೋಟೋದವರ ಕೋಣೆಗಳಲ್ಲಿ ಇಂದು ನಾನು ಹೆಚ್ಚಾಗಿ ಕಾಣುವುದು ಇದನ್ನೇ.

ಈ ತಂತ್ರಾಂಶದಲ್ಲಿ ನಮ್ಮ ಮೂರೂ ಹಳೆಯ ಬಗೆಗಳು ಹಾಗೆಯೇ ಕುಳಿತಿವೆ. ನೀವು ಮಾಡಿದ ತಿದ್ದುಪಡಿ, ಬರೆದ ಹೆಸರು, ಕೊಟ್ಟ ಚುಕ್ಕೆ, ಎಲ್ಲವೂ ಮೊದಲು ಹೋಗುವುದು 'ಕೆಟಲಾಗು' ಎಂಬ ಒಂದೇ ದಫ್ತರಕ್ಕೆ. ಇದು ಕಡತ. ಜೆಪೆಗ್, ಟಿಫ್, ಡಿಎನ್‌ಜಿ ಜಾತಿಯ ಚಿತ್ರಗಳಾದರೆ ಆ ವಿವರವನ್ನು ಚಿತ್ರದ ಕಡತದೊಳಗೇ ಬರೆಸಬಹುದು. ಇದು ಶಿಲಾಶಾಸನ. ಕ್ಯಾನನ್, ನಿಕಾನ್ ಮುಂತಾದ ಕಂಪನಿಗಳ ಸ್ವಂತ ರಾ ಚಿತ್ರಗಳ ಒಳಗೆ ಕೈಯಿಡಲು ತಂತ್ರಾಂಶ ಒಪ್ಪುವುದಿಲ್ಲ; ಅವುಗಳ ಪಕ್ಕಕ್ಕೆ ಅದೇ ಹೆಸರಿನ ಒಂದು ಚಿಕ್ಕ ಎಕ್ಸ್‌ಎಂಪಿ ಕಡತವನ್ನು ಇಡುತ್ತದೆ. ಇದು ತಾಮ್ರಪಟ. ಚಿತ್ರವನ್ನು ಬೇರೆ ಡಿಸ್ಕಿಗೆ ಒಯ್ಯುವವನು ಪಕ್ಕದ ಚೀಟಿಯನ್ನು ಮರೆತರೆ, ಊರು ಬಿಟ್ಟ ಮನೆತನದ ಕಥೆಯೇ ಸರಿ.

ಕೆಟಲಾಗಿನಲ್ಲಿ ಬರೆದುದನ್ನು ಕೂಡಲೇ ಚಿತ್ರಕ್ಕೂ ಬರೆಯುತ್ತಿರು ಎಂದು ಅಪ್ಪಣೆ ಕೊಡುವ ಒಂದು ಗುಂಡಿ ಅದರಲ್ಲಿದೆ. ತಯಾರಕರು ಅದನ್ನು ಮುಚ್ಚಿಯೇ ಕೊಡುತ್ತಾರೆ. ತೆರೆದರೆ ಕೆಲಸದ ವೇಗ ತಗ್ಗೀತೆಂದು ಅವರದೇ ಸಲಹೆಯಲ್ಲಿದೆ. ಕಾರಣ ಗೂಢವಾದುದೇನಲ್ಲ. ಒಂದು ಚಿತ್ರದ ಬೆಳಕನ್ನು ತುಸು ಏರಿಸಿದಿರಿ, ಮತ್ತೆ ಇಳಿಸಿದಿರಿ, ಬಣ್ಣವನ್ನು ಸರಿಪಡಿಸಿದಿರಿ. ಪ್ರತಿಸಲವೂ ಯಂತ್ರ ಡಿಸ್ಕಿಗೆ ಓಡಿ, ಚಿತ್ರವನ್ನು ತೆರೆದು, ಬರೆದು, ಮುಚ್ಚಿ ಬರಬೇಕು. ಕೆಟಲಾಗಿಗೆ ಒಂದು ಸಾಲು ಬರೆಯುವುದು ಸುಲಭ. ನಾಲ್ಕು ಸಾವಿರ ಕಡತಗಳ ಬಾಗಿಲು ತಟ್ಟುವುದು ಸುಲಭವಲ್ಲ. ಒಂದು ಮದುವೆಯ ಮೂರು-ನಾಲ್ಕು ಸಾವಿರ ಚಿತ್ರಗಳಿಗೆ ಒಟ್ಟಿಗೇ 'ಧಾರವಾಡ' ಎಂದು ಊರಿನ ಹೆಸರನ್ನು ಹಚ್ಚಿದಿರೆಂದರೆ ಹೊರಗಿನಿಂದ ತಂತಿ ಹಚ್ಚಿದ ಅಗ್ಗದ ಡಿಸ್ಕು ಏದುಸಿರು ಬಿಡುತ್ತದೆ. ಎಕ್ಸ್‌ಎಂಪಿಯನ್ನು ರಚಿಸಿದವರು ಇದನ್ನು ಊಹಿಸಿಯೇ, ಬರೆದ ವಿವರದ ಕೊನೆಗೆ ಎರಡರಿಂದ ನಾಲ್ಕು ಕಿಲೋಬೈಟುಗಳಷ್ಟು ಖಾಲಿ ಜಾಗ ಬಿಡಿರಿ ಎಂದು ಸೂಚಿಸಿದ್ದಾರೆ. ಹೊಸ ಮಾತು ಆ ಖಾಲಿಯಲ್ಲಿ ಹಿಡಿದರೆ ಅಲ್ಲಿಯೇ ಬರೆದು ಮುಗಿಸಬಹುದು. ಹಿಡಿಯದಿದ್ದರೆ ಇಡೀ ಕಡತವನ್ನು ಮತ್ತೆ ಬರೆಯಬೇಕು. ಇದರ ಬೆನ್ನಿಗೆ ಇನ್ನೊಂದು: ಚಿತ್ರ ಬದಲಾಯಿತೆಂದು ತಿಳಿದು, ಪ್ರತಿ ತೆಗೆದಿಡುವ ಬ್ಯಾಕಪ್ ಯಂತ್ರ ಅದನ್ನು ಮತ್ತೆ ಮೊದಲಿನಿಂದ ಕಳಿಸತೊಡಗುತ್ತದೆ.

ಸ್ವಲ್ಪ ತಡವಾದರೇನಾಯಿತು, ಕಾದರಾಯಿತು ಎಂದು ಹೇಳುವವರಿದ್ದಾರೆ. ಕೆಲವು ಕೆಲಸಗಳಲ್ಲಿ ಕಾಯಲಾಗುವುದಿಲ್ಲ ಎಂಬುದಕ್ಕೆ ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ಮಾಳಮಡ್ಡಿಯಲ್ಲಿ ನಮ್ಮ ಬಂಧುಗಳ ಹಳೆಯ ಮನೆ. ಅಟ್ಟದ ಟ್ರಂಕಿನಲ್ಲಿ ಆರುನೂರಕ್ಕೆ ಕಡಿಮೆಯಿಲ್ಲದ ಫೋಟೋಗಳು ಇದ್ದುವು. ಅವನ್ನೆಲ್ಲ ಸ್ಕ್ಯಾನ್ ಮಾಡಿಸಿ, ಹುಬ್ಬಳ್ಳಿಯ ಸ್ಟುಡಿಯೋದ ಹುಡುಗನೊಬ್ಬನನ್ನು ಲ್ಯಾಪ್‌ಟಾಪಿನೊಡನೆ ಕರೆಸಿ, ನಮ್ಮ ಅತ್ಯಾನ ಮುಂದೆ ಕೂಡ್ರಿಸಿದೆವು. ಅತ್ಯಾಗೆ ಆಗ ತೊಂಬತ್ತೊಂದು ವರ್ಷ. ಕಣ್ಣು ಮಂಜಾಗಿತ್ತು, ಆದರೆ ಪರದೆಯ ಮೇಲೆ ಮುಖವನ್ನು ದೊಡ್ಡದು ಮಾಡಿ ತೋರಿಸಿದರೆ ಗುರುತು ಹಿಡಿಯುತ್ತಿದ್ದಳು. ಗುರುತು ಹಿಡಿದಳೆಂದರೆ ಹೆಸರೊಂದೇ ಬರುತ್ತಿರಲಿಲ್ಲ. ಸಂಬಂಧ, ಸೀರೆಯ ಬಣ್ಣ, ಜಗಳ ಎಲ್ಲ ಒಂದರ ಹಿಂದೊಂದು ಬರುತ್ತಿದ್ದುವು.

"ಇಕಿ ಗದಗಿನ ಕಾಕಿ. ಇಕಿ ಬಾಜೂಕ ನಿಂತಾಂವ ಇಕೀ ತಮ್ಮ, ರೇಲ್ವೇದಾಗ ಇದ್ದ. ಹಿಂದ ನಿಂತಾಕಿ ಅದಾಳಲ್ಲ..."

ಹುಡುಗ ಹೆಸರು ಬರೆದು ಗುಂಡಿ ಒತ್ತಿದ. ಯಂತ್ರ ತಿರುಗುತ್ತ ನಿಂತಿತು. ಆ ಗುಂಡಿ ತೆರೆದಿತ್ತು. ಹೆಸರೊಂದು ಬರೆದಾಗಲೆಲ್ಲ ಎಂಬತ್ತು-ತೊಂಬತ್ತು ಮೆಗಾಬೈಟಿನ ಒಂದು ಟಿಫ್ ಕಡತಕ್ಕೆ ಬರವಣಿಗೆ ನಡೆಯುತ್ತಿತ್ತು. "ತಡೀರಿ ಅಜ್ಜಿ, ಒಂದ್ ನಿಮಿಷ" ಎಂದ. ಅತ್ಯಾ ತಡೆದಳು. ಮುಂದಿನ ಚಿತ್ರ ಬಂದಾಗ ಹಿಂದಿನದರಲ್ಲಿ ಬಿಟ್ಟವಳ ಹೆಸರನ್ನು ಕೇಳಿದೆವು.

"ಏನ್ ಹೇಳಾಕತ್ತಿದ್ನಪಾ ನಾ?" ಎಂದು ನಮ್ಮನ್ನೇ ಕೇಳಿದಳು.

ಹುಡುಗ ಜಾಣ. ಮರುಮಾತಿಲ್ಲದೆ ಆ ಗುಂಡಿಯನ್ನು ಮುಚ್ಚಿದ. ಆಮೇಲೆ ಯಂತ್ರ ಅವಳ ಬಾಯಿಗಿಂತ ಮುಂದೆ ಓಡಿತು. ಎರಡು ಮಧ್ಯಾಹ್ನಗಳಲ್ಲಿ ನಾಲ್ಕುನೂರಕ್ಕೂ ಮಿಕ್ಕಿ ಚಿತ್ರಗಳಿಗೆ ಹೆಸರು ಕೂಡಿತು. ಎರಡೂ ದಿನ ಸಂಜೆ, ಅತ್ಯಾ ಚಹಾ ಕುಡಿದು ಒಳಗೆ ಹೋದ ಮೇಲೆ, ಆತ ಎಲ್ಲ ಚಿತ್ರಗಳನ್ನೂ ಒಟ್ಟಿಗೆ ಆರಿಸಿ, ಕಂಟ್ರೋಲ್ ಮತ್ತು ಎಸ್ ಗುಂಡಿಗಳನ್ನು ಒತ್ತಿ, ವಿವರವನ್ನು ಚಿತ್ರಗಳಿಗೆ ಬರೆಯಲು ಬಿಟ್ಟು ಬಸ್ಸಿನ ವೇಳೆಯವರೆಗೆ ನನ್ನೊಡನೆ ಹರಟೆ ಹೊಡೆದ. ಮುಂದಿನ ಯುಗಾದಿಗೆ ಅತ್ಯಾ ಇರಲಿಲ್ಲ. ಗದಗಿನ ಕಾಕಿಯ ಹಿಂದೆ ನಿಂತಾಕೆ ಇಂದಿಗೂ 'ಹೆಸರು ತಿಳಿಯದು' ಎಂದೇ ಇದ್ದಾಳೆ.

ಆ ಹುಡುಗ ಮಾಡಿದುದು ಹೊಸ ವಿದ್ಯೆಯೇನೂ ಅಲ್ಲ. ಹುಬ್ಬಳ್ಳಿಯ ದುರ್ಗದಬೈಲಿನ ಯಾವ ಹಳೆಯ ವ್ಯಾಪಾರಿಯನ್ನಾದರೂ ಕೇಳಿರಿ. ಗಿರಾಕಿ ಎದುರಿಗೆ ನಿಂತಾಗ ಆತ ಖತಾವಣಿಯನ್ನು 'ತೆಗೆಯುವುದಿಲ್ಲ. ಕಿರ್ದಿಯಲ್ಲಿ ಒಂದು ಸಾಲು ಗೀಚುತ್ತಾನೆ. ರಾತ್ರಿ ಅಂಗಡಿಯ ಬಾಗಿಲು ಅರ್ಧ ಎಳೆದ ಮೇಲೆ ಕಿರ್ದಿಯಿಂದ ಒಬ್ಬೊಬ್ಬರ ಖಾತೆಗೆ ಏರಿಸುತ್ತಾನೆ. ಗಿರಾಕಿಯನ್ನು ನಿಲ್ಲಿಸಿಕೊಂಡು ಖತಾವಣಿ ಬರೆಯುವವನ ಅಂಗಡಿ ನಡೆಯದು. ವಾರಗಟ್ಟಲೆ ಏರಿಸದೆ ಬಿಟ್ಟವನ ಅಂಗಡಿಯೂ ನಡೆಯದು. ಡಿಜಿಕ್ಯಾಮ್ ಎಂಬ, ಹಣ ಕೊಡದೆ ಸಿಗುವ ಇನ್ನೊಂದು ತಂತ್ರಾಂಶದಲ್ಲಿ ಈ ಪದ್ಧತಿಗೆ 'ಸೋಮಾರಿ ತಾಳೆ' ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಕಿರ್ದಿ ಬರೆಯುವವರನ್ನು ಸೋಮಾರಿಗಳೆಂದು ಕರೆದರೆ ದುರ್ಗದಬೈಲಿನವರು ಸುಮ್ಮನಿರಲಿಕ್ಕಿಲ್ಲ.

ಏರಿಸದೆ ಬಿಟ್ಟ ಕಿರ್ದಿಯ ಕಥೆಯೂ ನನಗೆ ಗೊತ್ತು. ನಮ್ಮ ಬಳಗದ ಒಂದು ಮದುವೆಯ ಚಿತ್ರಗಳಿಗೆ ಸ್ಟುಡಿಯೋ ಒಂದರವರು ಎರಡೂ ಕಡೆಯ ಹಿರಿಯರನ್ನು ಕೂಡ್ರಿಸಿ ಹೆಸರುಗಳನ್ನು ಬರೆದುಕೊಂಡಿದ್ದರು. ಚಿತ್ರಗಳ ಡಿಸ್ಕು ಮನೆಗೆ ಬಂದಿತು. ಹೆಸರುಗಳು ಬರಲಿಲ್ಲ; ಅವು ಅವರ ಕೆಟಲಾಗಿನಲ್ಲಿ ಉಳಿದಿದ್ದುವು. ಕೆಲವು ವರ್ಷಗಳ ಮೇಲೆ ಕೇಳಹೋದರೆ ಅಲ್ಲಿ ಮೊಬೈಲು ಅಂಗಡಿ.

ಎಲ್ಲವನ್ನೂ ಚಿತ್ರಕ್ಕೆ ಬರೆಸಿದೆವು ಎಂದು ನಿಶ್ಚಿಂತರಾಗುವಂತೆಯೂ ಇಲ್ಲ. ಹೆಸರು, ಊರು, ಚುಕ್ಕೆ, ತಿದ್ದುಪಡಿ ಇವು ಹೋಗುತ್ತವೆ. ಆದರೆ ಲೈಟ್‌ರೂಮಿನಲ್ಲಿ ನೀವು ಕಟ್ಟಿದ ಗುಂಪುಗಳು, ಒಂದೇ ಚಿತ್ರದ ಮೇಲೆ ಮಾಡಿದ ಮಾಯಾಪ್ರತಿಗಳು ಕೆಟಲಾಗನ್ನು ಬಿಟ್ಟು ಕದಲುವುದಿಲ್ಲ. ಅದುದರಿಂದ ಕೆಟಲಾಗಿನದೂ ಒಂದು ಪ್ರತಿ ಬೇರೆ ಕಡೆ ಇರಲೇಬೇಕು. ಇನ್ನು ಚಿತ್ರವನ್ನು ಬೇರೊಂದು ತಂತ್ರಾಂಶದಲ್ಲಿ ತೆರೆದು ಹೆಸರು ತಿದ್ದಿದಿರೆನ್ನಿ. ಆಗ ಚಿತ್ರ ಒಂದು ಹೇಳುತ್ತದೆ, ಕೆಟಲಾಗು ಒಂದು ಹೇಳುತ್ತದೆ. ತಂತ್ರಾಂಶ ಪ್ರಾಮಾಣಿಕವಾಗಿ ನಿಮ್ಮನ್ನೇ ಕೇಳುತ್ತದೆ: ಯಾರ ಮಾತನ್ನು ನಂಬಲಿ? ಇಲ್ಲಿ ಅವಸರ ಕೂಡದು. ಒಂದನ್ನು ಆರಿಸಿದರೆ ಇನ್ನೊಂದು ಅಳಿಸಿ ಹೋಗುತ್ತದೆ. 1876ರ ಪಾಠವೂ 1879ರ ಪಾಠವೂ ಎರಡೂ ಅಚ್ಚಾಗಿ ಉಳಿದುದರಿಂದಲೇ ಫ್ಲೀಟರು ಎಲ್ಲಿ ಎಲ್ಲಿ ತಿದ್ದಿದರೆಂದು ನಾವು ಇಂದು ನೋಡಬಲ್ಲೆವು. ಕಂಪ್ಯೂಟರು ಅಂಥ ಉಪಕಾರ ಮಾಡುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಬೇರೆಯದೇ ಒಂದು ಸಂಕಟವುಂಟು. ಐಪಿಟಿಸಿಯ ಹಳೆಯ ಕಟ್ಟಳೆಯಲ್ಲಿ ಪಟ್ಟಣದ ಹೆಸರಿಗೆ ಗೊತ್ತುಮಾಡಿದ ಪೆಟ್ಟಿಗೆ 32 ಬೈಟುಗಳದು. ಇಂಗ್ಲಿಷ್ ಅಕ್ಷರವೊಂದಕ್ಕೆ ಒಂದು ಬೈಟು ಸಾಕು. ಯುನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ಕಾಗುಣಿತಕ್ಕೆ ಬೇರೆ, ಒತ್ತಿಗೆ ಬೇರೆ. ನಾನು ಒಂದು ಮಧ್ಯಾಹ್ನ ಬೆರಳು ಮಡಿಚಿ ಲೆಕ್ಕ ಹಾಕಿದೆ. 'ಧಾರವಾಡ' 18 ಬೈಟು. 'ಹುಬ್ಬಳ್ಳಿ' ಒತ್ತಕ್ಷರಗಳ ಭಾರದಿಂದ 27 ಬೈಟು. ಒಂದೊಂದಾಗಿ ಎರಡೂ ಹಿಡಿಯುತ್ತವೆ. ನಡುವೆ ಗೆರೆ ಹಾಕಿ 'ಹುಬ್ಬಳ್ಳಿ-ಧಾರವಾಡ' ಎಂದು ಬರೆದಿರೋ, 46 ಬೈಟಾಗಿ ಪೆಟ್ಟಿಗೆ ಒಡೆಯುತ್ತದೆ! 1962ರಲ್ಲಿ ಎರಡೂ ಊರುಗಳನ್ನು ಒಂದು ಮಹಾನಗರಪಾಲಿಕೆ ಮಾಡಿದವರು ಇದನ್ನು ಹೇಗೆ ಊಹಿಸಿಯಾರು? ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಬೇಕೆಂದು ಹೋರಾಡಿದ ಸ್ನೇಹಿತರಿಗೆ ಈ ಲೆಕ್ಕವನ್ನು ಕೊಟ್ಟಿದ್ದರೆ ಅವರ ಮನವಿಯಲ್ಲಿ ಒಂದು ಕಲಮು ಹೆಚ್ಚಾಗುತ್ತಿತ್ತು. ಎಕ್ಸ್‌ಎಂಪಿಯಲ್ಲಿ ಈ ಇಕ್ಕಟ್ಟಿಲ್ಲ. ಆದುದರಿಂದ ಕನ್ನಡದ ಹೆಸರುಗಳನ್ನು ಬರೆದಿಡುವವರು, ತಮ್ಮ ತಂತ್ರಾಂಶ ಅದನ್ನು ಬಳಸುತ್ತದೆಯೇ ಎಂದು ಮೊದಲು ನೋಡಿಕೊಳ್ಳುವುದು ಒಳಿತು.

ಇಷ್ಟೆಲ್ಲ ಮಾಡಿ ಕಲ್ಲಿನ ಮೇಲೆ ಕೆತ್ತಿದಂತೆ ಚಿತ್ರದೊಳಗೇ ಹೆಸರು ಬರೆಸಿದರೂ, ಹಳೆಯ ಕಟ್ಟಿನವನ ಕತ್ತರಿ ಈಗ ವಾಟ್ಸ್‌ಆಪಿನ ಕೈಗೆ ಬಂದಿದೆ. ಅದರಲ್ಲಿ ಫೋಟೋವೆಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ, ಒಳಗಿನ ವಿವರ ಉದುರಿ ಹೋಗುತ್ತದೆ. ಅದೇ ಚಿತ್ರವನ್ನು ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದದ್ದು ಇದ್ದಂತೆ ಮುಟ್ಟುತ್ತದೆ. ಅತ್ಯಾನ ಚಿತ್ರಗಳನ್ನು ಬಳಗದವರಿಗೆ ಹಂಚುವಾಗ ನಾನು ಎಲ್ಲರಿಗೂ ಡಾಕ್ಯುಮೆಂಟ್ ಆಗಿಯೇ ಕಳಿಸಿದೆ. ಅಮೆರಿಕದಲ್ಲಿರುವ ಆಕೆಯ ಮೊಮ್ಮಗಳು ಮರುದಿನ ಫೋನು ಮಾಡಿದಳು. "ಮಾಮಾ, ಹೆಸರು ಕಾಣಸ್ತಾವ. ಆದ್ರ ನನ್ನ ಮಗಳಿಗೆ ಕನ್ನಡ ಓದಾಕ ಬರೂದಿಲ್ಲಲ್ಲ?" ಎಂದಳು. ಎಕ್ಸ್‌ಎಂಪಿಯಲ್ಲಿ ಒಂದೇ ವಿವರವನ್ನು ಎರಡು ಮೂರು ಭಾಷೆಗಳಲ್ಲಿ, ಯಾವುದು ಯಾವ ಭಾಷೆಯೆಂಬ ಗುರುತಿನೊಡನೆ, ಒಟ್ಟಿಗೆ ಇಡಲು ಅವಕಾಶವಿದೆ. ಅದನ್ನು ಸರಿಯಾಗಿ ತೋರಿಸುವ ತಂತ್ರಾಂಶಗಳು ಮಾತ್ರ ಕಡಿಮೆ. ಹುಡುಗನಿಗೆ ಹೇಳಿ, ಕನ್ನಡದ ಸಾಲಿನ ಕೆಳಗೆ ಇಂಗ್ಲಿಷಿನಲ್ಲಿ ಇನ್ನೊಂದು ಸಾಲು ಸೇರಿಸುತ್ತಿದ್ದೇವೆ. ಶನಿವಾರಕ್ಕೆ ಐವತ್ತರಂತೆ ನಡೆದಿದೆ. ಇನ್ನೂ ಇನ್ನೂರ ಚಿಲ್ಲರೆ ಉಳಿದಿವೆ.